ಎಡಗೈಗೆ ಸಿಗುವ ನಲ್ಲಿ

ಹುಲುಗಮ್ಮನಿಗೆ ಹೇಸಿಗೆ ಜಾಸ್ತಿ ಎಂಬುದು ಆದೋನಿಯ ಆ ಓಣಿಗೆಲ್ಲ ಗೊತ್ತಿರುವ ಸಂಗತಿ. ಮಂಡಕ್ಕಿ ಉಗ್ಗಾಣಿ ಮಾರುವ ಅಂಗಡಿಯವನು ಮೂಗು ಹಿಂಡಿದ ಕೈಯಲ್ಲೇ ಮಿರ್ಚಿ ಎತ್ತಿ ಎಣ್ಣೆಗೆ ಬಿಟ್ಟಿದ್ದನ್ನು ಒಂದು ಬೆಳಿಗ್ಗೆ ಕಂಡವಳು ಮತ್ತೆ ಆ ಕಡೆ ತಲೆ ಹಾಕಿಲ್ಲ. ಮದುವೆ ಊಟದಲ್ಲಿ ಮೊದಲ ಪಂಕ್ತಿಯವರು ಸಾರು ಚೆಲ್ಲಿದ ಕಾಗದದ ಮೇಲೆಯೇ ಎರಡನೇ ಪಂಕ್ತಿಗೆ ಎಲೆ ಹಾಕಿದರೆ, ಬೀಗರಿಗೆ ಬೇಜಾರಾಗಲಿ, ಏನಾದರೂ ಆಗಲಿ, ಎದ್ದು ಬಂದುಬಿಡುತ್ತಾಳೆ. ಓಣಿಯ ಹೆಂಗಸರು ಅವಳನ್ನು ದೊಡ್ಡ ಆಚಾರದಾಕಿ ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ. ಅವಳಿಗೆ ಆಚಾರವೂ ಇಲ್ಲ, ಮಡಿಯೂ ಇಲ್ಲ. ಹೊಲಸು ಕಂಡರೆ ಹೊಟ್ಟೆ ತೊಳಸುತ್ತದೆ, ಅಷ್ಟೇ. ಅದಕ್ಕೆ ಯಾರ ಅಪ್ಪಣೆ ಕೇಳಬೇಕು?

ಇಂಥವಳ ನಸೀಬು ನೋಡಿ, ತಾಟಿನಲ್ಲಿ ಕೈ ತೊಳೆಯುವವರ ಮನೆಗೇ ಸೊಸೆಯಾಗಿ ಬಂದಳು.

ಕಂಡಿಲ್ಲದವರಿಗೆ ಹೇಳಬೇಕು. ಈ ಮನೆಯ ಗಂಡಸರು ಉಂಡಾದ ಮೇಲೆ ಏಳುವುದಿಲ್ಲ. ಕೂತಲ್ಲೇ ಎಡಗೈಯಿಂದ ಚೊಂಬು ಬಗ್ಗಿಸಿ ಉಂಡ ತಾಟಿನಲ್ಲೇ ಬಲಗೈ ತೊಳೆಯುತ್ತಾರೆ. ಬೆರಳ ಸಂದಿಯ ಅನ್ನ, ಮೆಣಸಿನಕಾಯಿ ಬೀಜ, ಕಚ್ಚಿ ಬಿಟ್ಟ ಕರಿಬೇವು, ಪುಂಡಿಪಲ್ಯದ ನಾರು ಎಲ್ಲ ಆ ನೀರಿನಲ್ಲಿ ತೇಲುತ್ತವೆ. ಮೇಲೆ ಎಣ್ಣೆಯ ಪದರ. ಕೆಲವರಿಗೆ ಅಷ್ಟೂ ಸಾಲದು, ಬಾಯಿ ಮುಕ್ಕಳಿಸಿ ಅದರಲ್ಲೇ ಉಗಿಯುತ್ತಾರೆ. ಆಮೇಲೆ ಡರ್ರನೆ ತೇಗಿ, ಮೀಸೆ ಒರೆಸಿಕೊಂಡು, ತಾಟನ್ನು ಒಂದು ಗೇಣು ಮುಂದಕ್ಕೆ ತಳ್ಳುತ್ತಾರೆ. ಹೆಂಗಸರಿಗೆ ಅವರು ಮಾಡುವ ಸಹಾಯವೆಂದರೆ ಆ ಒಂದು ಗೇಣು. ತುಂಬಿದ ತಾಟನ್ನು ತುಳುಕದ ಹಾಗೆ ಎತ್ತಿ ಬಚ್ಚಲಿಗೆ ಒಯ್ಯುವುದು ಹೆಂಗಸರ ಕೆಲಸ.

ಅವಳ ಗಂಡ ಹೊನ್ನೂರಪ್ಪನ ಊರು ಆಸ್ಪರಿ ಕಡೆಯ ಒಣಭೂಮಿ. ಅಲ್ಲಿ ಒಂದು ಕೊಡ ನೀರಿಗೆ ಅರ್ಧ ದಿನ ಹೋಗುತ್ತಿದ್ದ ಕಾಲವೊಂದಿತ್ತು. ಎದ್ದು ಹೋಗಿ ಎರಡು ಚೊಂಬು ಸುರಿದುಕೊಂಡರೆ ಅಷ್ಟೂ ನೀರು ಮಣ್ಣುಪಾಲು. ತಾಟಿನಲ್ಲಿ ತೊಳೆದರೆ ಅರ್ಧ ಚೊಂಬು ಸಾಕು, ಆ ನೀರೂ ಮುಸುರೆಯ ಬಕೆಟ್ಟಿಗೆ ಬಿದ್ದು ಎಮ್ಮೆಯ ಹೊಟ್ಟೆ ಸೇರುತ್ತಿತ್ತು. ಸರಿ, ಒಪ್ಪಿಕೊಳ್ಳೋಣ. ಆದರೆ ಎಮ್ಮೆ ಸತ್ತು ಎಷ್ಟೋ ಕಾಲವಾಯಿತು, ಆದೋನಿಯ ಮನೆಗೆ ಬೋರು ಬಿತ್ತು, ಹಿತ್ತಲಲ್ಲಿ ನಲ್ಲಿ ಬಂತು, ತಾರಸಿಯ ಮೇಲೆ ಕರಿಯ ಟ್ಯಾಂಕು ಕೂತಿತು. ಇವರು ಮಾತ್ರ ಇನ್ನೂ ತಾಟಿನಲ್ಲೇ ಕೈ ಅದ್ದುತ್ತಾರೆ. ಬಡತನದಿಂದ ಹುಟ್ಟಿದ್ದನ್ನು ಈಗ ದೊಡ್ಡಸ್ತಿಕೆ ಎಂದುಕೊಂಡಿದ್ದಾರೆ, ಉಂಡ ಗಂಡಸು ಕೂತಲ್ಲಿಂದ ಏಳಬಾರದಂತೆ.

ಹುಲುಗಮ್ಮನ ತವರು ನಾಗಲದಿನ್ನೆ. ತುಂಗಭದ್ರೆಯ ದಂಡೆ. ಅಲ್ಲಿ ನಡೆಯಲು ಕಲಿತ ಕೂಸೂ ಉಂಡಾದ ಮೇಲೆ ಹಿತ್ತಲಿಗೆ ಓಡಿ ಕೈ ತೊಳೆದುಕೊಂಡು ಬರುತ್ತಿತ್ತು. ಮದುವೆಯಾಗಿ ಆಸ್ಪರಿ ಕಡೆಯ ಮನೆಗೆ ಬಂದ ಮೊದಲ ದಿನ ಗಂಡ ತಾಟಿನಲ್ಲಿ ಕೈ ತೊಳೆದದ್ದನ್ನು ನೋಡಿ, ಕಾಲಿಗೆ ಏನೋ ನೋವಿರಬೇಕು, ಏಳಲಾರ, ಎಂದುಕೊಂಡಿದ್ದಳು.

ಅದಕ್ಕಿಂತ ಕೆಟ್ಟದ್ದು ಮುಂದೆ ಕಾದಿತ್ತು. ಹೊಸ ಸೊಸೆ ಗಂಡ ಉಂಡ ತಾಟಿನಲ್ಲೇ ಉಣ್ಣಬೇಕೆಂದು ಅತ್ತೆ ಪಕೀರಮ್ಮ ಹೇಳಿದಳು. ಹುಲುಗಮ್ಮ ಸ್ವಲ್ಪ ದಿನ ಹಸಿವಿಲ್ಲ, ಹೊಟ್ಟೆ ನೋವು ಎಂದು ಜಾರಿಕೊಂಡು, ಅಂಗೈಯಲ್ಲಿ ರೊಟ್ಟಿ ಹಿಡಿದು ತಿಂದು ಕಾಲ ತಳ್ಳಿದಳು. ಯುಗಾದಿಯ ದಿನ ಮನೆ ತುಂಬ ನೆಂಟರು, ಜಾರಿಕೊಳ್ಳಲು ಆಗಲಿಲ್ಲ. ಹೊನ್ನೂರಪ್ಪ ಕೈ ತೊಳೆದು ಎದ್ದ. ಪಕೀರಮ್ಮ ಆ ನೀರನ್ನು ಬಕೆಟ್ಟಿಗೆ ಬಗ್ಗಿಸಿ, ತಾಟನ್ನು ಒಮ್ಮೆ ಕೊಡವಿ, ಆ ಒದ್ದೆಯ ಮೇಲೆಯೇ ಅನ್ನ ಬಡಿಸಿ, "ಉಣ್ಣವ್ವ, ಪುಣ್ಯ ಬರ್ತೈತಿ," ಎಂದಳು. ತಾಟಿನ ಅಂಚಿಗೆ ಅವನು ಕಚ್ಚಿ ಬಿಟ್ಟ ಮೆಣಸಿನಕಾಯಿಯ ತುಂಡೊಂದು ಅಂಟಿಕೊಂಡಿತ್ತು. ಹುಲುಗಮ್ಮ ಒಂದು ತುತ್ತು ಬಾಯಿಗಿಟ್ಟಳು, ಎರಡನೆಯದಕ್ಕೆ ಕೈ ಹಾಕುವ ಮೊದಲೇ ಹಿತ್ತಲಿಗೆ ಓಡಿ ವಾಂತಿ ಮಾಡಿದಳು.

ಮನೆಯಲ್ಲಿ ಹಬ್ಬದ ಮೇಲೆ ಹಬ್ಬ! ಸೊಸೆ ವಾಂತಿ ಮಾಡಿದಳು, ಬಸಿರಾದಳು ಎಂದು ಪಕೀರಮ್ಮ ಸೆರಗಿನಲ್ಲಿ ಸಕ್ಕರೆ ಕಟ್ಟಿಕೊಂಡು ಓಣಿಯೆಲ್ಲ ಹಂಚಿ ಬಂದಳು.

"ಅತ್ತೀ, ಬಸರಲ್ಲ. ಆ ತಾಟು ನೋಡಿ ಹೊಟ್ಟಿ ತೊಳಸ್ತು," ಎಂದು ಹುಲುಗಮ್ಮ ಹೇಳಿಯೇ ಹೇಳಿದಳು.

"ಬಾಯಿ ಮುಚ್ಚು. ಮೊದಲ ಎಲ್ಲಾರೂ ಹಂಗ ಅಂತಾರ. ಹೇಳಬಾರ್ದು, ದೃಷ್ಟಿ ಆಗ್ತೈತಿ," ಎಂದು ಪಕೀರಮ್ಮ ನಕ್ಕಳು.

ಮುಂದಿನ ತಿಂಗಳು ಸೊಸೆ ಹೊರಗಾದಾಗ ಆ ನಗು ಹೋಯಿತು. ಹಂಚಿದ ಸಕ್ಕರೆಯನ್ನು ವಾಪಸು ತರಲಾಗುವುದಿಲ್ಲವಲ್ಲ. ಓಣಿಯವರ ಮುಂದೆ ನಗೆಪಾಟಲಾಗಲು ಒಲ್ಲದ ಪಕೀರಮ್ಮ, "ಏನ್ ಮಾಡೋದವ್ವ, ನಿಲ್ಲಲಿಲ್ಲ," ಎಂದು ಎಲ್ಲರಿಗೂ ಹೇಳಿದಳು. ಮಗನಿಗೂ ಅದನ್ನೇ ಹೇಳಿದಳು. ಹೊನ್ನೂರಪ್ಪ ಆಗ ಕರೆಂಟಿನ ಕಂಬ ನೆಡುವ ಗುಂಪಿನಲ್ಲಿ ಊರೂರು ತಿರುಗುತ್ತಿದ್ದ. ಮನೆಗೆ ಬಂದವನು ಸುದ್ದಿ ಕೇಳಿ ಪಡಸಾಲೆಯ ಮೂಲೆಯಲ್ಲಿ ಕೂತುಬಿಟ್ಟ. ಹುಲುಗಮ್ಮ ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ಕಣ್ಣು ಕೆಂಪಗೆ ಮಾಡಿದಳು. ಆ ಅತ್ತೆಯ ಕಣ್ಣು ಕಂಡವರಿಗೇ ಗೊತ್ತು.

ಆಮೇಲೆ ಶಿವಲಕ್ಷ್ಮಿ ಹುಟ್ಟಿದಳು, ಸೂರಿ ಹುಟ್ಟಿದ, ಆಸ್ಪರಿ ಕಡೆಯಿಂದ ಆದೋನಿಗೆ ಬಂದು ಮನೆ ಕಟ್ಟಿದ್ದಾಯಿತು, ಹೊನ್ನೂರಪ್ಪ ಲೈನ್‌ಮನ್ ಆದ. ಆದರೂ ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ ಅವನು ಈಗಲೂ, "ಮೂರ್ರೀ. ಒಂದು ನಿಲ್ಲಲಿಲ್ಲ," ಎನ್ನುತ್ತಾನೆ. ಶ್ರಾವಣದಲ್ಲಿ ಉರುಕುಂದದ ಗುಡಿಗೆ ಹೋದರೆ ಇಬ್ಬರು ಮಕ್ಕಳ ಹೆಸರಿನಲ್ಲಿ ಎರಡು ಕಾಯಿ ಒಡೆಸಿ, ಹೆಸರಿಲ್ಲದ ಮೂರನೆಯ ಕಾಯಿಯನ್ನು ಪೂಜಾರಿಯ ಕೈಗೆ ಕೊಟ್ಟು ಸುಮ್ಮನೆ ನಿಲ್ಲುತ್ತಾನೆ. ಅದೊಂದು ತಾಟಿನ ನೀರಪ್ಪಾ, ಕೂಸಲ್ಲ, ಎಂದು ಹೇಳಲು ಹುಲುಗಮ್ಮನಿಗೆ ಬಾಯಿ ಬರುವುದಿಲ್ಲ. ಕಣ್ಣು ಮುಚ್ಚಿ ಕೈ ಮುಗಿದು ನಿಂತ ಗಂಡಸಿಗೆ ಅಂಥ ಮಾತು ಹೇಗೆ ಹೇಳುವುದು? ಅವಳೂ ಪಕ್ಕದಲ್ಲಿ ಕೈ ಮುಗಿದು ನಿಲ್ಲುತ್ತಾಳೆ.

ಇನ್ನು ಅಡುಗೆಮನೆಯ ಸಂಗತಿ. ಆದೋನಿಯ ಮನೆಗೆ ಪಡಸಾಲೆ ದೊಡ್ಡದು, ದೇವರ ಕೋಣೆ ಇದೆ, ಮುಂದೆ ಕಟ್ಟೆ ಇದೆ. ಅಡುಗೆಮನೆ ಮಾತ್ರ ಕಟ್ಟಿದವರಿಗೆ ಕೊನೆಯಲ್ಲಿ ನೆನಪಾದಂತೆ ಉಳಿದ ಮೂಲೆಯಲ್ಲಿ ತುರುಕಿದ್ದು. ಒಬ್ಬಳು ಒಲೆಯ ಮುಂದೆ ನಿಂತರೆ ಇನ್ನೊಬ್ಬಳು ಅವಳ ಬೆನ್ನು ಉಜ್ಜಿಕೊಂಡೇ ದಾಟಬೇಕು. ಗಂಡಸರು ಪಡಸಾಲೆಯಲ್ಲಿ ಕೂತು ಉಣ್ಣುತ್ತಾರೆ. ಹೆಂಗಸರು ಆಮೇಲೆ ಅಡುಗೆಮನೆಯಲ್ಲಿ ಬಚ್ಚಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಗಂಡಸರ ಕೈ ತೊಳೆದ ತಾಟುಗಳ ರಾಶಿಯನ್ನೇ ನೋಡುತ್ತ ಉಣ್ಣಬೇಕು. ಉಣ್ಣುವಾಗ ಎದುರಿಗೆ ಏನಿರಬೇಕು ಎನ್ನುವುದು ಹೆಂಗಸಿನ ಕೈಯಲ್ಲಿ ಇರಬಾರದೇ?

ದೊಡ್ಡದು ಮಾಡಬೇಕೆಂಬ ಮಾತು ಹಳೆಯದು. ಒಮ್ಮೆ ಶಿವಲಕ್ಷ್ಮಿ ಹೆರಿಗೆಗೆ ಬಂದಿದ್ದಳೆಂದು ನಿಂತಿತು. ಒಮ್ಮೆ ಪಕೀರಮ್ಮ ತೀರಿಕೊಂಡು ವರ್ಷ ತುಂಬಲಿ ಎಂದು ನಿಂತಿತು. ಆಮೇಲೆ ಸೂರಿಯ ಮದುವೆ ಆಗಲಿ ಎಂದರು. ಮದುವೆಯಾಗಿ ದೇವನಕೊಂಡದಿಂದ ಶ್ರಾವಣಿ ಸೊಸೆಯಾಗಿ ಬಂದಳು. ಗಂಡನ ತಾಟಿನಲ್ಲಿ ಉಣ್ಣುವ ಪುಣ್ಯದ ಮಾತನ್ನು ಓಣಿಯ ಮುದುಕಿಯೊಬ್ಬಳು ಎತ್ತಿದಾಗ, "ನನ್ನ ಮನ್ಯಾಗ ಅದು ಬ್ಯಾಡ," ಎಂದು ಹುಲುಗಮ್ಮ ಅವಳ ಬಾಯಿ ಮುಚ್ಚಿಸಿ, ಸೊಸೆಗೆ ಹೊಸ ತಾಟು ತಂದುಕೊಟ್ಟಳು. ಆದರೆ ತಾಟು ಎತ್ತುವ ಕೆಲಸ ತಪ್ಪಿಸಲು ಆಗಲಿಲ್ಲ. ಅವಳೊಬ್ಬಳೇ ಎಷ್ಟನ್ನು ಎತ್ತುವುದು?

ದಸರೆಯಾದ ಮೇಲೆ ಒಂದು ದಿನ ಅತ್ತೆ ಸೊಸೆ ಆ ಇಕ್ಕಟ್ಟಿನಲ್ಲಿ ಒಬ್ಬರಿಗೊಬ್ಬರು ತಾಗಿ, ಕುದಿಯುವ ಸಾರು ಶ್ರಾವಣಿಯ ಪಾದದ ಮೇಲೆ ಚೆಲ್ಲಿತು. ಸೊಸೆಯ ಕಾಲು ಸುಟ್ಟದ್ದು ಬೀಗರಿಗೆ ತಿಳಿದರೆ ಚೆನ್ನಾಗಿರುವುದಿಲ್ಲ ಎಂದು ಹೊನ್ನೂರಪ್ಪ ಕೊನೆಗೆ ಗೋಡೆ ಒಡೆಸಲು ಒಪ್ಪಿದ. ಅತ್ತೆಯ ಬೆನ್ನು ಅಷ್ಟು ವರ್ಷ ಗೋಡೆಗೆ ಉಜ್ಜಿದ್ದು ಯಾರಿಗೂ ಲೆಕ್ಕಕ್ಕೆ ಬಂದಿರಲಿಲ್ಲ.

ಗೋಡೆ ಒಡೆಯುವುದೆಂದರೆ ಹಿರಿಯರು ಬೇಕು. ಹೊನ್ನೂರಪ್ಪನ ಅಣ್ಣ ಗೋವಿಂದಪ್ಪ ಊರಿನಿಂದ ಬಂದ. ಮೇಸ್ತ್ರಿ ಮರಿಬಸಪ್ಪ ಟೇಪು, ದಾರ, ಸುಣ್ಣದ ಪುಟ್ಟಿ ಹಿಡಿದು ಬಂದ. ಸೂರಿ ಫೋನಿನಲ್ಲಿ ಅಡುಗೆಮನೆಗಳ ವಿಡಿಯೋ ತೆರೆದಿಟ್ಟುಕೊಂಡ. ಅಕ್ಕಿ ಡಬ್ಬಿ ಎಲ್ಲಿದೆ ಎಂದರೆ ತಿಳಿಯದ ನಾಲ್ವರು ಗಂಡಸರು ಕಟ್ಟೆಯ ಮೇಲೆ ಕೂತು ಅಡುಗೆಮನೆ ಹೇಗಿರಬೇಕೆಂದು ಚರ್ಚೆಗೆ ಇಳಿದರು.

"ನಡುವಿನ ಗ್ವಾಡಿ ಪೂರಾ ತಗದ್ಬಿಡೋಣ ದೊಡ್ಡಪ್ಪ. ಓಪನ್ ಕಿಚನ್. ಈಗ ಎಲ್ಲಾರೂ ಹಂಗ ಮಾಡ್ತಾರ," ಎಂದ ಸೂರಿ.

"ಅದೇಮಿಟಪ್ಪಾ! ಒಲಿ ಮ್ಯಾಲ ಬರೋರು ಹೋಗೋರ ಕಣ್ಣು ಬಿದ್ರ ಉಂಡದ್ದು ಮೈಗೆ ಹತ್ತಂಗಿಲ್ಲ," ಎಂದ ಗೋವಿಂದಪ್ಪ. "ಅರ್ಧ ಗ್ವಾಡಿ ಇರ್ಲಿ. ಒಲಿ ಆಗ್ನೇಯಕ್ಕ, ಉಣ್ಣೋರ ಮಾರಿ ಪೂರ್ವಕ್ಕ. ನಡುವ ಟೇಬಲ್ ಹಾಕ್ರಿ."

"ಹಿತ್ತಲ ಕಡಿಗೂ ಗ್ವಾಡಿ ಸ್ವಲ್ಪ ಸರಸಬೌದು," ಎಂದ ಮರಿಬಸಪ್ಪ. ಅವನು ಯಾರ ಮಾತಿಗೂ ಇಲ್ಲ ಎನ್ನುವವನಲ್ಲ.

ಹುಲುಗಮ್ಮ ಭಾವನ ಎದುರು ಸೆರಗು ಹೊದ್ದು ಬಾಗಿಲ ಹಿಂದೆ ನಿಂತು ಎಲ್ಲ ಕೇಳುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ಉಣ್ಣುವ ಜಾಗಕ್ಕೆ ತಾಗಿದ ಹಾಗೆ ಕೈ ತೊಳೆಯಲು ಒಂದು ಬೇಸಿನ್ನು, ಅದಕ್ಕೊಂದು ನಲ್ಲಿ. ಒಲೆ ಯಾವ ದಿಕ್ಕಿಗಾದರೂ ಸಾಯಲಿ.

"ಕೈ ತೊಳಿಯೋ ಬೇಸಿನ್ ಎಲ್ಲಿ ಬರ್ತೈತ್ರಿ?" ಎಂದು ಅಲ್ಲಿಂದಲೇ ಕೇಳಿದಳು.

"ನೀರು ಈಶಾನ್ಯಕ್ಕ. ಅಂದ್ರ ಹಿತ್ತಲ ಬಾಗಿಲದಾಚೆ," ಎಂದ ಗೋವಿಂದಪ್ಪ.

"ಬಾಗಿಲದಾಚೆ ಈಗ್ಲೂ ನಲ್ಲಿ ಐತಲ್ರಿ ಭಾವ. ಒಂದಿನಾನಾದ್ರೂ ಯಾರಾರ ಎದ್ದು ಹೋಗ್ಯಾರೇನು?"

ಗಂಡಸರು ನಕ್ಕರು. ಮನೆಯ ಹೆಂಗಸಿನ ಹೇಸಿಗೆ ಅವರಿಗೆ ಮೊದಲಿನಿಂದಲೂ ತಮಾಷೆಯೇ. "ಆಕಿದು ಅದೊಂದು ಹಟ ಐತಿ, ಒಳಗ ಹಾಕಿಬಿಡು ಮರಿಬಸಪ್ಪಾ," ಎಂದ ಹೊನ್ನೂರಪ್ಪ. ಅವನು ಕೆಟ್ಟವನಲ್ಲ. ಕೂತಲ್ಲಿಂದ ಏಳದವನು, ಅಷ್ಟೇ.

ಮರಿಬಸಪ್ಪನದೊಂದು ಪದ್ಧತಿ. ಗೋಡೆಗೆ ಹಾರೆ ಹಾಕುವ ಮೊದಲು ಹೊಸ ಮನೆಯನ್ನು ಹಳೆಯ ನೆಲದ ಮೇಲೆ ಸುಣ್ಣದಲ್ಲಿ ಬರೆದುಬಿಡುತ್ತಾನೆ. ಮನೆಯವರು ಆ ಗೆರೆಗಳ ಒಳಗೆ ಅಡ್ಡಾಡಿ, ಕೂತು, ಉಂಡು ನೋಡಬೇಕು. ಆಮೇಲೆ ಅಲ್ಲ ಕಣಪ್ಪ, ಇಲ್ಲ ಕಣಪ್ಪ ಎನ್ನಬಾರದು. ಅವನು ಪಡಸಾಲೆಯಲ್ಲಿ ಗೆರೆ ಎಳೆದ. ಇಲ್ಲಿಗೆ ಗೋಡೆ, ಇಲ್ಲಿ ಟೇಬಲ್ಲು, ಇಲ್ಲಿ ಬೇಸಿನ್ನು. ಟೇಬಲ್ಲಿನ ಜಾಗದಲ್ಲಿ ಹಗ್ಗದ ಹೊರಸು ಹಾಕಿ ಮೇಲೆ ಹಳೆಯ ಬಾಗಿಲೊಂದನ್ನು ಮಲಗಿಸಿದರು, ಸುತ್ತ ಕುರ್ಚಿ ಇಟ್ಟರು. ಬೇಸಿನ್ನಿನ ಗೆರೆಯ ಒಳಗೆ ಹುಲುಗಮ್ಮ ತಾನೇ ಸ್ಟೂಲು ಇಟ್ಟು, ಮೇಲೆ ನಲ್ಲಿ ಇರುವ ಸ್ಟೀಲ್ ಡ್ರಮ್ಮು ಕೂರಿಸಿ, ಕೆಳಗೆ ಟಬ್ಬು ಇಟ್ಟಳು. ಹೊಸ ಸೋಪು ಬಿಚ್ಚಿಟ್ಟಳು. ಗೂಟಕ್ಕೆ ಒಗೆದ ಟವೆಲ್ಲು ಹಾಕಿದಳು. ಕುರ್ಚಿಯಿಂದ ಎದ್ದರೆ ಅಲ್ಲೇ ಕೈಗೆ ನೀರು. ಇಷ್ಟಾದ ಮೇಲಾದರೂ ಎದ್ದಾರು ಎಂದು ಅವಳಿಗೆ ನಂಬಿಕೆ ಬಂತು.

ಮಧ್ಯಾಹ್ನ ಊಟಕ್ಕೆ ಕೂತರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಅನ್ನ, ಬೇಳೆಸಾರು. ಹೊಸ ಜಾಗವೆಂದು ಎಲ್ಲರಿಗೂ ಉತ್ಸಾಹ. ಶ್ರಾವಣಿ ಬಡಿಸಿದಳು. ಹುಲುಗಮ್ಮ ಕಂಬಕ್ಕೆ ಒರಗಿ ನಿಂತು ಡ್ರಮ್ಮನ್ನೂ ಗಂಡಸರನ್ನೂ ನೋಡುತ್ತಿದ್ದಳು.

ಮೊದಲು ಮುಗಿಸಿದವನು ಗೋವಿಂದಪ್ಪ. ಕೂತಲ್ಲೇ ಚೊಂಬು ಎತ್ತಿದ, ತಾಟಿನಲ್ಲಿ ಕೈ ತೊಳೆದ. ಬಾಯಿ ತುಂಬ ನೀರು ತುಂಬಿಕೊಂಡು ಗಳಗಳ ಮುಕ್ಕಳಿಸಿ, ಎಲ್ಲರ ಎದುರಿಗೆ ಅದನ್ನೂ ತಾಟಿಗೇ ಉಗಿದ. ಮೇಸ್ತ್ರಿ ಮರಿಬಸಪ್ಪ, ಬೇಸಿನ್ನಿನ ಗೆರೆ ಎಳೆದ ಅದೇ ಕೈಯನ್ನು ತಾಟಿನಲ್ಲಿ ತೊಳೆದ. ಸೂರಿ ಡಿಗ್ರಿ ಓದಿದವನು, ಓಪನ್ ಕಿಚನ್ ಬೇಕೆಂದವನು. ಫೋನಿನಲ್ಲಿ ಕಣ್ಣು ನೆಟ್ಟುಕೊಂಡೇ ತಾಟಿನಲ್ಲಿ ಬೆರಳಾಡಿಸಿದ. ಡ್ರಮ್ಮಿನ ನಲ್ಲಿಯನ್ನು ಒಬ್ಬನೂ ಮುಟ್ಟಲಿಲ್ಲ. ಹೊಸ ಸೋಪಿನ ಮೇಲೆ ನೊಣವೊಂದು ಕೂತು ಎದ್ದು ಹೋಯಿತು. ಹೊನ್ನೂರಪ್ಪ ಮಾತ್ರ ಇನ್ನೂ ಉಣ್ಣುತ್ತಿದ್ದ. ಅವನದು ನಿಧಾನದ ಊಟ, ಕೊನೆಗೆ ಮಜ್ಜಿಗೆ ಅನ್ನ ಕಲಸಿಕೊಂಡು ಬೆರಳು ನೆಕ್ಕುವವನು.

ಶ್ರಾವಣಿ ತಾಟು ಎತ್ತಲು ಬಂದಳು. ಗೋವಿಂದಪ್ಪನ ತಾಟನ್ನು ಎರಡು ಕೈಯಲ್ಲಿ ಎತ್ತಿದಳು. ಹೊರಸಿನ ಮೇಲಿನ ಬಾಗಿಲು ವಾಲಿ ಮೊಳಕೈಗೆ ತಾಗಿತು, ತಾಟು ಓರೆಯಾಯಿತು. ಆ ನೀರು, ಅನ್ನ, ಉಗಿದದ್ದು, ಎಲ್ಲ ಅವಳ ಮುಂಗೈ ಮೇಲೆ ಹರಿದು ಬಳೆಗಳ ಸಂದಿಗೆ ಇಳಿಯಿತು. ಅವಳು ತಾಟನ್ನು ಅಲ್ಲೇ ಕುಕ್ಕಿ ಹಿತ್ತಲಿಗೆ ಓಡಿದಳು. ವಾಂತಿ ಮಾಡುವ ಸದ್ದು ಪಡಸಾಲೆಯವರೆಗೂ ಕೇಳಿಸಿತು.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋವಿಂದಪ್ಪನ ಮುಖ ಅರಳಿತು.

"ಮಂಚಿ ವಾರ್ತಪ್ಪಾ, ಚಲೋ ಸುದ್ದಿ! ತಮ್ಮಾ, ಮಗನ ಕಡಿಂದನೂ ತಾತ ಆದಿ ನೋಡು!"

ಹೊನ್ನೂರಪ್ಪನ ತುತ್ತು ಕೈಯಲ್ಲೇ ನಿಂತಿತು. ಸೂರಿ ನಾಚಿಕೊಂಡು ತಲೆ ಬಗ್ಗಿಸಿದ, ಅದೂ ದೊಡ್ಡ ಸಾಧನೆ ಮಾಡಿದವನ ಹಾಗೆ.

"ಆದ್ರ ಒಂದು ಮಾತು," ಎಂದ ಗೋವಿಂದಪ್ಪ ಕೂಡಲೇ. "ಇನ್ನ ಗ್ವಾಡಿ ಮುಟ್ಟಂಗಿಲ್ಲ. ಬಸರಿ ಇರೋ ಮನ್ಯಾಗ ಹಾರೆ ಪೆಟ್ಟು ಬಿದ್ರ ಕೂಸಿಗೆ ಕೇಡು. ಹೆರಿಗಿ ಆಗ್ಲಿ, ಕೂಸಿಗೆ ಹಲ್ಲು ಬರ್ಲಿ, ಆಮ್ಯಾಲ ನೋಡೋಣ."

"ಹೌದ್ರಿ. ಅಂಥಾ ಮನಿ ನಾನೂ ಮುಟ್ಟಂಗಿಲ್ಲ," ಎಂದು ಮರಿಬಸಪ್ಪ ದಾರ ಸುತ್ತತೊಡಗಿದ. ಅವನ ಅಂಗಾಲಿನ ಕೆಳಗೆ ಬೇಸಿನ್ನಿನ ಸುಣ್ಣದ ಗೆರೆ ಅರ್ಧ ಅಳಿಸಿ ಹೋಗಿತ್ತು.

ಹುಲುಗಮ್ಮ ಹಿತ್ತಲಿಗೆ ಹೋದಳು. ಶ್ರಾವಣಿ ನಲ್ಲಿಯ ಕೆಳಗೆ ಕೈ ಹಿಡಿದು ಬಳೆಗಳನ್ನು ಒಂದೊಂದಾಗಿ ತಿರುವಿ ತೊಳೆಯುತ್ತಿದ್ದಳು.

"ಅತ್ತೀ, ಅವರು ಏನೇನೋ ತಿಳ್ಕೊಂಡಾರ," ಎಂದಳು ಅಳುವ ದನಿಯಲ್ಲಿ. "ನಾನು ಹೊರಗಾಗಿ ಮೊನ್ನೆನ ತಲಿಗೆ ಎರಕೊಂಡೀನಿ, ನಿಮಗ ಗೊತ್ತೈತಲ್ಲ. ಆ ನೀರು ಬಳಿಯೊಳಗ ಹೋತು ಅತ್ತೀ. ಅದಕ್ಕ..."

"ಗೊತ್ತೈತವ್ವ. ನನಗಿಂತ ಚಲೋ ಯಾರಿಗೆ ಗೊತ್ತು?" ಎಂದು ಹುಲುಗಮ್ಮ ಅವಳ ಕೈಗೆ ಸೋಪು ಹಚ್ಚಿದಳು.

ಒಳಗೆ ಬಂದು, ಸೆರಗು ಸರಿಮಾಡಿಕೊಂಡು, ಸಮಾಧಾನದಿಂದಲೇ ಹೇಳಿದಳು, "ಆಕಿ ಬಸರಿಲ್ಲರಿ. ಗ್ವಾಡಿ ಕೆಲಸ ನಿಲ್ಲಸಬ್ಯಾಡ್ರಿ."

ಗೋವಿಂದಪ್ಪ ಕೈ ಎತ್ತಿ ನಕ್ಕ. "ಹೇಳಬಾರ್ದು, ಹೇಳಬಾರ್ದು. ಮುಚ್ಚಿಡೋದ ಪದ್ಧತಿ. ನಮ್ಮವ್ವನೂ ಹಿಂಗ ಅಂತಿದ್ಳು."

ಇಲ್ಲ ಎಂದರೂ ಹೌದೆಂದೇ ಅರ್ಥ! ಇವರ ಮುಂದೆ ಹೆಂಗಸು ಯಾವ ಭಾಷೆಯಲ್ಲಿ ಮಾತಾಡಬೇಕು? ಹುಲುಗಮ್ಮ ಗಂಡನ ಕಡೆ ನೋಡಿದಳು. ಅವನಿಗೆ ಆಗಲೇ ಕಣ್ಣು ತುಂಬಿತ್ತು.

"ಅಣ್ಣಾ, ಈ ಸಲ ಸಕ್ಕರಿ ಹಂಚೋದು ಬ್ಯಾಡ," ಎಂದ ಹೊನ್ನೂರಪ್ಪ ಮೆಲ್ಲಗೆ. "ಆವಾಗ ಅವ್ವ ಅವಸರ ಮಾಡಿ ಹಂಚಿದ್ಳು, ನಮ್ಮದು ನಿಲ್ಲಲಿಲ್ಲ. ಅಡಿಗಿಮನಿ ಎಲ್ಲಿಗೂ ಹೋಗಂಗಿಲ್ಲ. ಇರ್ಲಿ ಬಿಡು, ಮೊದಲ ಕೂಸು ಉಳೀಲಿ."

ಹುಲುಗಮ್ಮನಿಗೆ ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಸುಮ್ಮನಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಮುಂದಿನ ತಿಂಗಳು ಶ್ರಾವಣಿಯದೂ ನಿಲ್ಲಲಿಲ್ಲ ಎನ್ನುತ್ತಾರೆ. ಗೋಡೆ ಹಾಗೇ ನಿಲ್ಲುತ್ತದೆ. ಈ ಹುಡುಗಿ ಜೀವಮಾನವೆಲ್ಲ ಬಚ್ಚಲ ಪಕ್ಕ ಕುಕ್ಕರಗಾಲಲ್ಲಿ ಕೂತು ಉಣ್ಣುತ್ತ, ಹುಟ್ಟದ ಕೂಸಿನ ಹೆಸರಲ್ಲಿ ಗಂಡ ಒಡೆಸುವ ಕಾಯಿಗೆ ಕೈ ಮುಗಿಯುತ್ತ ನಿಲ್ಲುತ್ತಾಳೆ. ಹುಲುಗಮ್ಮ ಹೊರಸಿನ ಮೇಲಿನ ತಾಟು ನೋಡಿದಳು. ಗೋವಿಂದಪ್ಪ ಉಗಿದದ್ದು ಇನ್ನೂ ನೊರೆಯಾಗಿ ಅಂಚಿಗೆ ಅಂಟಿತ್ತು.

ಅವಳು ಆ ತಾಟನ್ನು ಎತ್ತಿ ಭಾವನ ಎದುರಿಗೇ ಇಟ್ಟಳು.

"ನೋಡ್ರಿ ಇದನ್ನ. ಬಗ್ಗಿ ನೋಡ್ರಿ. ಆ ಹುಡುಗಿ ವಾಂತಿ ಮಾಡಿದ್ದು ಇದಕ್ಕ. ನಿಮ್ಮ ಬಾಯಾಗಿನ ನೀರು ಆಕಿ ಕೈಮ್ಯಾಲ ಹರೀತು, ಅದಕ್ಕ. ಹೆಣ್ಮಕ್ಕಳು ವಾಂತಿ ಮಾಡಿದ್ರ ಬಸರು ಒಂದ ಏನ್ರಿ? ನಮಗ ಹೇಸಿಗಿ ಅನ್ನೋದು ಇರಬಾರ್ದೇನು?"

"ಏನಿದು ತಮ್ಮಾ, ಹಿರೇರ ಮುಂದ ಎಂಥಾ ಮಾತು!" ಎಂದು ಗೋವಿಂದಪ್ಪ ಕುರ್ಚಿ ಹಿಂದಕ್ಕೆ ಸರಿಸಿದ.

ಹೊನ್ನೂರಪ್ಪ ಅಣ್ಣನ ಕಡೆ ನೋಡಲಿಲ್ಲ. ಹೆಂಡತಿಯನ್ನೇ ನೋಡುತ್ತಿದ್ದ. "ಹಂಗನಬ್ಯಾಡ," ಎಂದ. "ನಿನಗ ಗೊತ್ತಿಲ್ಲೇನು? ಯುಗಾದಿ ದಿನ ನಿನಗೂ ಹಿಂಗ ಆಗಿತ್ತು. ಅದು ಬಸರಲ್ಲೇನು?"

"ಅಲ್ರಿ."

"ಏನು?"

"ಅದೂ ನಿಮ್ಮ ತಾಟರಿ. ಕೈ ತೊಳದ ತಾಟಿಗೆ ಅತ್ತಿ ಅನ್ನ ಹಾಕಿದ್ಳು, ನಾನು ವಾಂತಿ ಮಾಡಿದೆ. ಆವಾಗನ ಹೇಳಿದ್ದೆ ಆಕಿಗೆ. ಕೇಳಲಿಲ್ಲ."

"ಮತ್ತ ನಿಲ್ಲಲಿಲ್ಲ ಅಂದದ್ದು?"

"ಇದ್ದರಲ್ಲೇನ್ರಿ ನಿಲ್ಲೋದು."

ಗೋವಿಂದಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಕಟ್ಟೆಗೆ ಹೋದ. ಸೂರಿ ಫೋನು ಬೋರಲು ಹಾಕಿ, ಎದ್ದು, ಹೆಂಡತಿ ಇದ್ದ ಹಿತ್ತಲ ಕಡೆಗೆ ನಡೆದ. ಮರಿಬಸಪ್ಪ ಅರ್ಧ ಸುತ್ತಿದ ದಾರ ಹಿಡಿದು ಹೋಗಲೋ ಇರಲೋ ತಿಳಿಯದೆ ನಿಂತ.

ಹೊನ್ನೂರಪ್ಪ ಮಜ್ಜಿಗೆ ಅನ್ನ ಒಣಗುತ್ತಿದ್ದ ಕೈಯನ್ನು ತಾಟಿನ ಮೇಲೆ ಹಿಡಿದುಕೊಂಡು ಕೂತೇ ಇದ್ದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅಷ್ಟು ವರ್ಷ ಕಾಯಿ ಒಡೆಸಿದ ಕೂಸು ಊಟದ ನಡುವೆ ಇಲ್ಲವಾಗಿ ಹೋಗಿತ್ತು. ಹುಲುಗಮ್ಮನಿಗೆ ಅವನ ತಲೆಯ ಮೇಲೆ ಕೈ ಇಡಬೇಕು ಅನ್ನಿಸಿತು. ಒಂದು ಹೆಜ್ಜೆ ಮುಂದೆ ಬಂದಳು. ಅಷ್ಟರಲ್ಲಿ ಹೊನ್ನೂರಪ್ಪ ಎಡಗೈಯಿಂದ ಚೊಂಬು ಎತ್ತಿದ, ಬಗ್ಗಿಸಿದ, ಅಳುತ್ತ ಅಳುತ್ತಲೇ ತಾಟಿನಲ್ಲಿ ಕೈ ತೊಳೆದ.

ಥೂ! ಎಂದು ಬಾಯಿಯವರೆಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಹೇಸಿಗೆಯೂ ಬಂತು, ಅಳುವೂ ಬಂತು. ಇವನು ಏಳುವುದಿಲ್ಲ. ಮನೆ ಹೊತ್ತಿ ಉರಿದರೂ ತಾಟಿನಲ್ಲಿ ಕೈ ತೊಳೆದೇ ಏಳುವ ಜಾತಿ ಇದು. ನಲ್ಲಿಯೇ ಇವನ ಹತ್ತಿರ ಬರಬೇಕು.

"ಮರಿಬಸಣ್ಣ, ದಾರ ಬಿಚ್ಚು," ಎಂದಳು. "ಬೇಸಿನ್ ಗೆರಿ ಅಳಿಸು. ಅಲ್ಲಿ ಬ್ಯಾಡ."

"ಮತ್ತೆಲ್ಲಿ ಅಕ್ಕಾ?"

ಅವಳು ಡ್ರಮ್ಮನ್ನು ಸ್ಟೂಲಿನ ಸಮೇತ ಎಳೆದು ತಂದು ಗಂಡನ ಕುರ್ಚಿಯ ಪಕ್ಕ ನಿಲ್ಲಿಸಿದಳು. "ಎಡಗೈ ಚಾಚ್ರಿ," ಎಂದಳು.

ಹೊನ್ನೂರಪ್ಪನಿಗೆ ಅರ್ಥವಾಗಲಿಲ್ಲ. ಒದ್ದೆ ಕಣ್ಣಿನಲ್ಲೇ ಅವಳನ್ನು ನೋಡಿ, ಹೇಳಿದ ಹಾಗೆ ಎಡಗೈ ಚಾಚಿದ. ಬೆರಳು ನಲ್ಲಿಯನ್ನು ಮುಟ್ಟಿತು.

"ಇಲ್ಲಿ ಗೆರಿ ಹಾಕು ಮರಿಬಸಣ್ಣ. ಕೂತಲ್ಲಿಂದ ಕೈಗೆ ಸಿಗಬೇಕು. ಈಶಾನ್ಯ ಆದ್ರ ಆಗ್ಲಿ, ಹಾಳಾದ್ರ ಆಗ್ಲಿ. ನಾಳೆ ಮುಂಜಾನೆ ಹಾರೆ ತಗೊಂಡು ಬಾ."

ಮರಿಬಸಪ್ಪ ಕೂತು ನೆಲದ ಮೇಲೆ ಸುಣ್ಣ ಎಳೆದ. ಹುಲುಗಮ್ಮ ಗಂಡನ ತಾಟನ್ನು ಮೈಯಿಂದ ದೂರ ಹಿಡಿದು ಎತ್ತಿದಳು. ಹೊನ್ನೂರಪ್ಪ ಚಾಚಿದ ಕೈಯನ್ನು ಇನ್ನೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

"ಮುಂದಿನ ಶ್ರಾವಣಕ್ಕ," ಎಂದ ಮೆಲ್ಲಗೆ, "ಉರುಕುಂದದಾಗ... ಕಾಯಿ ಎರಡ ಸಾಕೇನು?"

ಬಚ್ಚಲ ಕಡೆ ಹೊರಟಿದ್ದ ಹುಲುಗಮ್ಮ ನಿಂತಳು. ತಾಟಿನ ನೀರು ತುಳುಕಿ ಅವಳ ಹೆಬ್ಬೆರಳಿಗೆ ತಾಗಿತು.

"ಮೂರೂ ಒಡಸ್ರಿ," ಎಂದಳು. "ಕೈ ಮಾತ್ರ ಆ ನಲ್ಲ್ಯಾಗ ತೊಳೀರಿ."